ಚೀಟಿಯಿಂದ ಎದ್ದ ನಿಘಂಟು

ಮೈಸೂರಿನ ಕೃಷ್ಣಮೂರ್ತಿಪುರಂ ಎಂದೊಡನೆ ಕನ್ನಡ ಪುಸ್ತಕಗಳ ಬಳಕೆಯುಳ್ಳವರಿಗೆ ಡಿ.ವಿ.ಕೆ. ಮೂರ್ತಿಯವರ ಪ್ರಕಾಶನ ನೆನಪಿಗೆ ಬರುತ್ತದೆ. ಎಷ್ಟೋ ಗ್ರಂಥಗಳ ಒಳಪುಟದಲ್ಲಿ ಆ ಬಡಾವಣೆಯ ಹೆಸರು ಅಚ್ಚಾಗಿದೆ. ಒಳಪುಟದಲ್ಲಿ ಗ್ರಂಥಕರ್ತರ ಹೆಸರಿರುತ್ತದೆ, ಪ್ರಕಾಶಕರ ವಿಳಾಸವಿರುತ್ತದೆ. ಆದರೆ ಹಲವರು ಕೂಡಿ ರಚಿಸಿದ ಗ್ರಂಥವಾದರೆ, ಅವರು ಕೆಲಸವನ್ನು ಹೇಗೆ ಹಂಚಿಕೊಂಡರೆಂಬುದನ್ನು ಯಾರೂ ಅಲ್ಲಿ ಬರೆಯುವುದಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನೇ ನೋಡೋಣ. ಅದರ ಕಚೇರಿ ಬೆಂಗಳೂರಿನಲ್ಲಿದ್ದರೂ, ಮೈಸೂರಿನ ಮಹಾರಾಜಾ ಕಾಲೇಜಿನ ನಂಟು ಅದಕ್ಕೆ ಗಾಢವಾಗಿತ್ತು. ಅದಕ್ಕಾಗಿ ದುಡಿದ ಡಿ.ಎಲ್. ನರಸಿಂಹಾಚಾರ್ಯರು ಅಲ್ಲಿ ಪಾಠ ಹೇಳಿದವರು, ಜಿ. ವೆಂಕಟಸುಬ್ಬಯ್ಯನವರು ಅಲ್ಲಿ ಓದಿದವರು. 1940ರ ದಶಕದಲ್ಲಿ ಮೊದಲಾದ ಈ ಕಾರ್ಯದ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅರ್ಧ ಶತಮಾನದ ಕೆಲಸ! ಇಷ್ಟು ಕಾಲ, ಇಷ್ಟು ಜನರ ಕೈಯಲ್ಲಿ ಅದು ಚದುರದೆ ಉಳಿದದ್ದು ಹೇಗೆ?

ಉತ್ತರ ಬಲು ಸರಳ: ಚೀಟಿ. ಕಾವ್ಯ, ಶಾಸನ, ಶಾಸ್ತ್ರಗ್ರಂಥಗಳನ್ನು ಓದುತ್ತ, ಒಂದೊಂದು ಪದಕ್ಕೆ ಒಂದೊಂದು ಚೀಟಿ. ಪದ, ಅದು ಬಂದ ವಾಕ್ಯ, ಗ್ರಂಥದ ಹೆಸರು, ಪದ್ಯದ ಸಂಖ್ಯೆ, ಇಷ್ಟನ್ನು ಅದರಲ್ಲಿ ಬರೆಯಬೇಕು. ಆಮೇಲೆ ಅಕಾರಾದಿಯಾಗಿ ಜೋಡಿಸಬೇಕು.

ಹೊಲಿದ ಪುಸ್ತಕದಲ್ಲಿ ಬರೆದರೇನು ಎಂದು ವಾಚಕರು ಕೇಳಬಹುದು. ಒಂದು ಉದಾಹರಣೆ ಸಾಕು. ‘ಅಳಿ’ ಎಂದರೆ ದುಂಬಿ. ನಾಶವಾಗು ಎಂಬ ಅರ್ಥದ ‘ಅಳಿ’ ಹಳಗನ್ನಡದಲ್ಲಿ ‘ಅೞಿ’ ಆಗಿತ್ತು. ಮುಂದೆ ೞಕಾರ ಅಳಿದುಹೋಗಿ ಎರಡೂ ಒಂದೇ ರೂಪ ತಾಳಿದವು. ಈಚಿನ ಪ್ರತಿಯನ್ನು ಓದಿದವರು ಬರೆದ ಚೀಟಿ ದುಂಬಿಯ ಕಟ್ಟಿಗೆ ಸೇರಿತೆನ್ನಿ. ಸಂಪಾದಕರು ಸಂದರ್ಭ ನೋಡಿ ಅದನ್ನೆತ್ತಿ ನಾಶದ ಕಟ್ಟಿಗೆ ಹಾಕುತ್ತಾರೆ. ಒಂದು ಸಾಲನ್ನೂ ಹೊಡೆದು ಹಾಕಬೇಕಾಗಿಲ್ಲ. ಹೊಸ ಶಾಸನವೊಂದು ಸಿಕ್ಕರೆ ನಡುವೆ ಇನ್ನೊಂದು ಚೀಟಿ ಸೇರಿಸಿದರಾಯಿತು.

ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಆಕರ ಬರೆಯದ ಚೀಟಿ ಕಸಕ್ಕೆ ಸಮಾನ. ಕಟ್ಟು ಕಳೆದರೆ ಶ್ರಮವೂ ಕಳೆಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕತ್ವವನ್ನು 1879ರಲ್ಲಿ ವಹಿಸಿಕೊಂಡ ಜೇಮ್ಸ್ ಮರೆಯವರಿಗೆ ಆದ ಅನುಭವವೇ ಇದಕ್ಕೆ ಸಾಕ್ಷಿ. ಹಿಂದಿನವರು ಊರೂರಿಗೆ ಹಂಚಿದ್ದ ಚೀಟಿಗಳನ್ನು ಅವರು ಹುಡುಕಿಸಬೇಕಾಯಿತು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಲಾಯವೊಂದರಲ್ಲಿ ಸಿಕ್ಕಿತು; ಅಷ್ಟರಲ್ಲಿ ಬಹುಪಾಲು ಬೆಂಕಿ ಹೊತ್ತಿಸಲು ಖರ್ಚಾಗಿಹೋಗಿತ್ತು. ಮರೆಯವರು ಮರದ ಗೂಡುಗಳನ್ನು ಮಾಡಿಸಿ ಚೀಟಿಗಳನ್ನು ಕ್ರಮಕ್ಕೆ ತಂದರು. ಆ ನಿಘಂಟು ಮುಗಿದದ್ದು 1928ರಲ್ಲಿ, ಅವರು ತೀರಿಕೊಂಡ 13 ವರ್ಷಗಳ ಮೇಲೆ.

ಇಂದು ಜಾಹೀರಾತು, ಚಲನಚಿತ್ರ, ಪತ್ರಿಕೆಗಳ ತಂಡಗಳು ‘ಟ್ರೆಲ್ಲೊ’ದಂಥ ಸಾಧನಗಳಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಕೆಲಸದ ಚೀಟಿಗಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸುತ್ತವೆ. ಜಪಾನಿನ ಟೊಯೋಟಾ ಕಾರ್ಖಾನೆಯ ‘ಕಾನ್‌ಬಾನ್’ ಚೀಟಿಗಳಿಂದ ಬಂದ ಪದ್ಧತಿ ಇದು. ಹೊಸದೆಂದು ಇದನ್ನು ಕೊಂಡಾಡುವವರು ನಿಘಂಟುಕಾರರ ಪಾಠವನ್ನೂ ನೆನೆಯಬೇಕು. ಚೀಟಿ ಎಲ್ಲಿಗೆ ಬೇಕಾದರೂ ಸರಿಯಲಿ. ಅದರಲ್ಲಿ ಏನು ಬರೆದಿರಬೇಕೆಂಬ ಕಟ್ಟಳೆ ಮಾತ್ರ ಸಡಿಲವಾಗಬಾರದು. ಬರೆದವರು ಎದುರಿಗಿಲ್ಲದಾಗಲೂ ಚೀಟಿ ತಾನೇ ಮಾತನಾಡಬೇಕು.

ನರಸಿಂಹಾಚಾರ್ಯರು ಮೊದಲ ಸಂಪುಟ ಹೊರಬಂದ ಮರುವರ್ಷವೇ, 1971ರಲ್ಲಿ, ತೀರಿಕೊಂಡರು. ಉಳಿದ ಏಳು ಸಂಪುಟಗಳು ಬೇರೆಯವರ ಕೈಯಲ್ಲಿ ಮುಂದುವರಿದವು. ಆ ನಿಘಂಟಿನ ಯಾವ ಪುಟವನ್ನು ತೆರೆದರೂ ಅರ್ಥದ ಕೆಳಗೆ ಸಣ್ಣಕ್ಷರದಲ್ಲಿ ಪ್ರಯೋಗಗಳಿವೆ. ಅವು ಯಾರೋ ಒಬ್ಬರು ಗ್ರಂಥವನ್ನು ಓದಿ, ಆಕರವನ್ನು ಮರೆಯದೆ ಬರೆದಿಟ್ಟ ಚೀಟಿಗಳ ಫಲ. ಆ ಕೈಬರಹ ಯಾರದೆಂದು ನಮಗೆ ತಿಳಿಯದಿದ್ದರೂ ಅವರ ಓದು ಅಲ್ಲಿ ಉಳಿದಿದೆ.