ಕೂಡಿಕೆಯಿಂದ ಪಿಂಚಣಿಯವರೆಗೆ: ವಿಧವೆಯ ಮರಳಿದ ಒಲವು ಮತ್ತು ಜೀವನಾಧಾರದ ಪ್ರಶ್ನೆ

ಗಂಡ ತೀರಿಕೊಂಡ ಹೆಣ್ಣಿನ ಮನಸ್ಸು ಹಿಂದೆ ಬಲ್ಲ ಗಂಡಸಿನತ್ತ ಮತ್ತೆ ಹೊರಳಿ, ಆ ಒಲವು ಮದುವೆಯವರೆಗೆ ಹೋಗದೆ ನಿಂತರೆ, ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಮರ್ಯಾದೆ. ಆದರೆ ಹಳೆ ಮೈಸೂರಿನ ಅನೇಕ ಬ್ರಾಹ್ಮಣೇತರ ಜಾತಿಗಳಲ್ಲಿ ವಿಧವೆಯ ಮರುಮದುವೆ ಕೂಡಿಕೆ, ಸೀರುಡಿಕೆ ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಮೊದಲ ಮದುವೆಯ ಸಡಗರ ಅದಕ್ಕಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸಂಸ್ಕೃತೀಕರಣ ವಾದದ ಪ್ರಕಾರ, ಅಂತಸ್ತು ಏರಬಯಸಿದ ಜಾತಿಗಳು ಕೈಬಿಟ್ಟ ರೂಢಿಗಳಲ್ಲಿ ಇದೂ ಒಂದು.

ಈ ವಾದ ಅಷ್ಟರಮಟ್ಟಿಗೆ ಸರಿ. ಆದರೆ ಅದು ಹೆಣ್ಣಿನ ಹೊಟ್ಟೆಪಾಡಿನ ಲೆಕ್ಕವನ್ನು ಬದಿಗಿಡುತ್ತದೆ. 1856ರ ವಿಧವಾ ಮರುವಿವಾಹ ಕಾಯ್ದೆ ಮದುವೆಗೆ ಅನುಮತಿ ಕೊಟ್ಟ ಕೈಯಲ್ಲೇ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಿತ್ತುಕೊಂಡಿತು. ಜಾತಿಯ ರೂಢಿಯೇ ಮರುಮದುವೆಗೆ ಒಪ್ಪಿದ್ದರೂ ಹಕ್ಕು ಹೋಗುತ್ತದೆಯೇ ಎಂಬಲ್ಲಿ ನ್ಯಾಯಾಲಯಗಳು ಇಬ್ಭಾಗವಾದವು: ಅಲಹಾಬಾದ್ ಹೈಕೋರ್ಟು ಹೋಗದು ಎಂದಿತು, ಬೊಂಬಾಯಿ ಮತ್ತು ಮದ್ರಾಸು ಹೋಗುತ್ತದೆ ಎಂದವು. ಧಾರವಾಡ, ಬೆಳಗಾವಿಯ ಕನ್ನಡ ಹೆಣ್ಣುಮಕ್ಕಳು ಬೊಂಬಾಯಿಯ ತೀರ್ಪಿನ ಕೆಳಗೇ ಬಾಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ವಿಧವೆಯನ್ನು ಪೂರ್ಣ ಒಡತಿಯಾಗಿಸಿತು. ಹಾಗೆ ಬಂದ ಆಸ್ತಿ ಮರುಮದುವೆಯಿಂದ ಕೈತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟಪಡಿಸಿತು.

ಭೂಮಿಗೆ ಸಿಕ್ಕ ಈ ಬಿಡುಗಡೆ ಸಂಬಳಕ್ಕೆ ಸಿಗಲಿಲ್ಲ. ಶ್ರೀನಿವಾಸರ ವಾದಕ್ಕೆ ತಿದ್ದುಪಡಿ ಬೇಕಾಗುವುದು ಇಲ್ಲೇ. ಬೆಂಗಳೂರಿನ ಮಾರತ್ತಹಳ್ಳಿಯಂಥ ಕಡೆ ಹೊಲಗದ್ದೆ ಹೋಗಿ ದುಡಿಮೆಯೆಂದರೆ ತಿಂಗಳ ಸಂಬಳವೆಂದಾಗಿದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ತೀರಿಕೊಂಡ ನೌಕರನ ಹೆಂಡತಿಗೆ ಸಿಗುವ ವಿಧವಾ ಪಿಂಚಣಿ ಮರುಮದುವೆಯ ದಿನಕ್ಕೆ ನಿಲ್ಲುತ್ತದೆ. ಪಡೆಯುತ್ತಿರುವಾಕೆ ತಾನು ಮತ್ತೆ ಮದುವೆಯಾಗಿಲ್ಲವೆಂದು ಬರೆದುಕೊಡಬೇಕು. ರಾಜ್ಯದ ವಿಧವಾ ವೇತನವೂ ಹಾಗೆಯೇ ನಿಲ್ಲುತ್ತದೆ. ಜಮೀನಿನ ಒಡತಿಗಿಲ್ಲದ ದಂಡವೊಂದು ಕಾರ್ಮಿಕನ ವಿಧವೆಗಿದೆ. ಹಳೆಯ ಸ್ನೇಹ ಮದುವೆಯಾಗದೆ ಉಳಿಯಲು ಮರ್ಯಾದೆಯಷ್ಟೇ ಈ ನಿಯಮವೂ ಕಾರಣವಿರಬಹುದು.

‘ಇರಬಹುದು’ ಎಂದಷ್ಟೇ ಹೇಳುವುದಕ್ಕೆ ಕಾರಣಗಳಿವೆ. 2014ರ ಸೆಪ್ಟೆಂಬರಿನ ನಂತರ 15,000 ರೂಪಾಯಿಗಿಂತ ಹೆಚ್ಚಿನ ಸಂಬಳಕ್ಕೆ ಹೊಸದಾಗಿ ಸೇರಿದವರು ಈ ಯೋಜನೆಯ ಹೊರಗಿದ್ದಾರೆ. ಆದ್ದರಿಂದ ವಾದ ತಾಗುವುದು ಸಾಫ್ಟ್‌ವೇರ್ ಎಂಜಿನಿಯರರ ಮನೆಗಳಿಗಿಂತ ಕಾವಲುಗಾರ, ಚಾಲಕ, ಗಾರ್ಮೆಂಟ್ಸ್ ನೌಕರರ ಮನೆಗಳಿಗೆ. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅಷ್ಟು ಮೊತ್ತ ಒಲವನ್ನು ತಡೆದೀತೇ ಎಂಬ ಆಕ್ಷೇಪವೂ ಹಗುರವಲ್ಲ. ಬಾಡಿಗೆ ಮನೆಯ ಹೆಣ್ಣಿಗೆ ಅದು ತನ್ನ ಹೆಸರಿಗೇ ಬರುವ ಖಚಿತ ಹಣ ಎಂಬುದಷ್ಟೇ ಸದ್ಯದ ಉತ್ತರ. ಮಕ್ಕಳ ಅಸಮ್ಮತಿ, ಅತ್ತೆಮನೆಯ ಕಣ್ಣು ಇವುಗಳ ಪಾಲನ್ನು ಬೇರ್ಪಡಿಸಿ ತೂಗುವುದು ಬಾಕಿಯಿದೆ. ಮದುವೆಯಾಗದ ಒಲವು ನೋಂದಣಿ ಕಚೇರಿಯ ಕಡತಗಳಲ್ಲಿ ಸಿಗದು. ಆ ಹೆಂಗಸರ ಮಾತನ್ನೇ ಕೇಳಿ ಬರೆದುಕೊಳ್ಳಬೇಕು.