ತಡವಾಗಿ ಬರುವ ಹಣ: ಕರ್ನಾಟಕದ ಒಣಭೂಮಿ, ಕಾರ್ಬನ್ ಮಾರುಕಟ್ಟೆ ಮತ್ತು ಹವಾಮಾನ ಹಣಕಾಸು

ಹವಾಮಾನ ಹಣಕಾಸಿನ ಕುರಿತ ಚರ್ಚೆ ಬಹುತೇಕ ಮೊತ್ತದ ಸುತ್ತಲೇ ನಡೆದುಬಂದಿದೆ. 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಶ್ರೀಮಂತ ರಾಷ್ಟ್ರಗಳು 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುವುದಾಗಿ ಮಾತು ಕೊಟ್ಟವು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಲೆಕ್ಕದಂತೆ ಆ ಮಟ್ಟ ಮುಟ್ಟಿದ್ದು 2022ರಲ್ಲಿ. ಆಗಲೂ ಒಟ್ಟು ಸುಮಾರು 116 ಬಿಲಿಯನ್ ಡಾಲರಿನಲ್ಲಿ ಹೊಂದಾಣಿಕೆಗೆ, ಎಂದರೆ ಬದಲಾದ ಹವಾಮಾನದಲ್ಲೇ ಬದುಕು ನಡೆಸಲು ಬೇಕಾದ ಕೆರೆ, ಬಿತ್ತನೆ ಬೀಜ, ವಿಮೆ, ಮುನ್ನೆಚ್ಚರಿಕೆಯಂಥ ಏರ್ಪಾಡುಗಳಿಗೆ, ದೊರೆತದ್ದು 32 ಬಿಲಿಯನ್ನಿನಷ್ಟು ಮಾತ್ರ. 2024ರ ಬಾಕು ಸಮ್ಮೇಳನ ಈ ಗುರಿಯನ್ನು 2035ರ ವೇಳೆಗೆ ವರ್ಷಕ್ಕೆ 300 ಬಿಲಿಯನ್ನಿಗೆ ಏರಿಸಿದಾಗ, ಅದು ಏನೇನೂ ಸಾಲದೆಂದು ಭಾರತದ ನಿಯೋಗ ಸಭೆಯಲ್ಲೇ ಆಕ್ಷೇಪಿಸಿತು. ಮೊತ್ತದ ಈ ಜಗ್ಗಾಟದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಸರಿದಿದೆ: ಹಣ ಬರುವುದು ಯಾವಾಗ, ಮತ್ತು ಅದು ಬರುವವರೆಗಿನ ಭಾರವನ್ನು ಹೊರುವವರು ಯಾರು? ಆಂಧ್ರದ ಗಡಿಗೆ ತಾಗಿದ ಬಾಗೇಪಲ್ಲಿ ಮತ್ತು ಪಾವಗಡ ಎಂಬ ಎರಡು ಒಣ ತಾಲ್ಲೂಕುಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾರ್ಬನ್ ಮಾರುಕಟ್ಟೆಯ ಮೂಲ ತರ್ಕ ಸರಳವಾದುದು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಎಲ್ಲಿ ತಗ್ಗಿದರೂ ವಾತಾವರಣಕ್ಕೆ ಅದು ಒಂದೇ ಆಗಿರುವುದರಿಂದ, ಎಲ್ಲಿ ಕಡಿಮೆ ಖರ್ಚಿನಲ್ಲಿ ತಗ್ಗಿಸಬಹುದೋ ಅಲ್ಲಿ ತಗ್ಗಿಸಿ, ಅದರ ಪ್ರಮಾಣಪತ್ರವನ್ನು ಬೇಕಾದವರಿಗೆ ಮಾರಬಹುದು. 1997ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂದ ಕ್ಯೋಟೋ ಒಡಂಬಡಿಕೆ ಇದಕ್ಕಾಗಿ ಶುದ್ಧ ಅಭಿವೃದ್ಧಿ ವ್ಯವಸ್ಥೆಯನ್ನು ರೂಪಿಸಿತು. ಅದರಡಿ ಭಾರತ, ಚೀನಾದಂಥ ದೇಶಗಳ ಯೋಜನೆಗಳು ತಗ್ಗಿಸಿದ ಪ್ರತಿ ಟನ್ನಿಗೂ ಒಂದು ಪ್ರಮಾಣಪತ್ರ ಪಡೆದು, ಕಡಿತದ ಬಾಧ್ಯತೆಯಿರುವ ದೇಶಗಳ ಕಂಪನಿಗಳಿಗೆ ಮಾರುವ ಅವಕಾಶವಿತ್ತು. ಯೋಜನೆ ಇಲ್ಲದಿದ್ದರೆ ಎಷ್ಟು ಹೊರಸೂಸುವಿಕೆ ಆಗುತ್ತಿತ್ತೆಂಬ ಊಹೆಗೆ ಆಧಾರರೇಖೆ ಎಂದೂ, ಪ್ರಮಾಣಪತ್ರದ ಆದಾಯದ ಆಸರೆ ಇಲ್ಲದೆ ಆ ಯೋಜನೆ ನಡೆಯುತ್ತಲೇ ಇರಲಿಲ್ಲವೆಂದು ಸಾಧಿಸಿ ತೋರಿಸುವುದಕ್ಕೆ ಹೆಚ್ಚುವರಿತನದ ಪರೀಕ್ಷೆ ಎಂದೂ ಹೆಸರು.

ಈ ವ್ಯವಸ್ಥೆಯ ಆರಂಭದ ದಿನಗಳಲ್ಲೇ, 2005ರ ಡಿಸೆಂಬರಿನಲ್ಲಿ, ಬಾಗೇಪಲ್ಲಿ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ ನೋಂದಣಿಯಾಯಿತು. ಆಗಿನ ಕೋಲಾರ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಸಣ್ಣ ರೈತರು ಮತ್ತು ಕೂಲಿಕಾರರ ಈ ಸಂಘಟನೆ 5,500 ಮನೆಗಳಿಗೆ ತಲಾ ಎರಡು ಘನಮೀಟರ್ ಸಾಮರ್ಥ್ಯದ ಗ್ಯಾಸ್ ಗುಂಡಿ ಕಟ್ಟಿಸಿ, ಸೌದೆ ಮತ್ತು ಸೀಮೆಎಣ್ಣೆಯ ಬಳಕೆಯನ್ನು ತಪ್ಪಿಸುವ ಗುರಿ ಇಟ್ಟುಕೊಂಡಿತ್ತು. ವರ್ಷಕ್ಕೆ ಒಟ್ಟು 19,500 ಟನ್ನಿಗೂ ತುಸು ಹೆಚ್ಚು, ಎಂದರೆ ಮನೆಯೊಂದಕ್ಕೆ ಮೂರೂವರೆ ಟನ್ನಿನಷ್ಟು ಕಡಿತವಾಗುವುದೆಂಬುದು ಯೋಜನೆಯ ಅಂದಾಜು. ಕಾರ್ಖಾನೆಗಳೇ ತುಂಬಿದ್ದ ಮಾರುಕಟ್ಟೆಗೆ ಕೂಲಿಕಾರರ ಸಂಘಟನೆಯೊಂದು ತಾನೇ ಮಾರಾಟಗಾರನಾಗಿ ಪ್ರವೇಶಿಸಿದ್ದು ಆ ಕಾಲಕ್ಕೆ ಅಪರೂಪದ ಸಂಗತಿಯೇ ಸರಿ.

ಈ ಮೂರೂವರೆ ಟನ್ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೊ ಸಗಣಿ ಬೇಕು. ಅಷ್ಟೇ ನೀರು ಬೆರೆಸಿ, ಕಡ್ಡಿಕಸ ತೆಗೆದು, ಗಂಟಿಲ್ಲದಂತೆ ಕಲಸಿ ತೊಟ್ಟಿಗೆ ಸುರಿಯಬೇಕು. ಈ ಕೆಲಸ ಸಾಮಾನ್ಯವಾಗಿ ಬೀಳುವುದು ಮನೆಯ ಹೆಂಗಸರ ಮೇಲೆ. ನಾಲ್ಕೈದು ದನಗಳಿಲ್ಲದೆ ಇಷ್ಟು ಸಗಣಿ ಹುಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮೇವು ಸಿಗದೆ ದನಗಳನ್ನು ಸಂತೆಗೆ ಹೊಡೆದರೆ ಸಗಣಿ ನಿಲ್ಲುತ್ತದೆ, ಬೆರೆಸುವ ನೀರಿಗೂ ತತ್ವಾರವಾಗುತ್ತದೆ, ಒಲೆ ಮತ್ತೆ ಸೌದೆಗೆ ತಿರುಗುತ್ತದೆ. ಆ ದಿನಗಳ ಲೆಕ್ಕಕ್ಕೆ ಪ್ರಮಾಣಪತ್ರವೂ ಇಲ್ಲ. ಕುಟುಂಬಕ್ಕೆ ಹಣದ ಅಗತ್ಯ ಅತಿ ಹೆಚ್ಚಾಗಿರುವ ವರ್ಷದಲ್ಲೇ ಕಾರ್ಬನ್ ಆದಾಯ ಕುಸಿಯುವುದು ಇಂಥ ಯೋಜನೆಗಳ ರಚನೆಯಲ್ಲೇ ಅಡಗಿರುವ ದೋಷ. ಇದರ ಜೊತೆಗೆ ಕಾಲದ ಅಂತರವೂ ಇದೆ. ಇಟ್ಟಿಗೆ, ಸಿಮೆಂಟು, ಗಾರೆ ಕೆಲಸದವರ ಕೂಲಿ ಮೊದಲ ದಿನವೇ ಬೇಕು. ಪ್ರಮಾಣಪತ್ರವಾದರೋ ಗುಂಡಿ ನಡೆದು, ದಾಖಲೆ ಬರೆದು, ಮಾನ್ಯತೆ ಪಡೆದ ಲೆಕ್ಕಪರಿಶೋಧಕರು ಪರಿಶೀಲಿಸಿದ ಮೇಲಷ್ಟೇ ಕೈಸೇರುತ್ತದೆ.

ಹಾಗೆ ಕೈಸೇರಿದ ಪ್ರಮಾಣಪತ್ರದ ಬೆಲೆಯಾದರೂ ಸ್ಥಿರವಾಗಿತ್ತೇ ಎಂದರೆ ಅದೂ ಇಲ್ಲ. 2008ರಲ್ಲಿ 20 ಯೂರೋ ಮುಟ್ಟಿದ್ದ ಪ್ರಮಾಣಪತ್ರದ ದರ 2012ರ ಕೊನೆಯ ಹೊತ್ತಿಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಯೂರೋಪಿನ ಆರ್ಥಿಕ ಹಿಂಜರಿತದಿಂದ ಬೇಡಿಕೆ ಕುಗ್ಗಿದ್ದು ಒಂದು ಕಾರಣವಾದರೆ, 2012ರ ನಂತರ ನೋಂದಣಿಯಾಗುವ ಯೋಜನೆಗಳಲ್ಲಿ ಅತ್ಯಂತ ಹಿಂದುಳಿದ ದೇಶಗಳವನ್ನು ಮಾತ್ರ ಸ್ವೀಕರಿಸುವುದೆಂದು ಯೂರೋಪಿಯನ್ ಒಕ್ಕೂಟ ನಿಯಮ ಮಾಡಿದ್ದು ಇನ್ನೊಂದು. ಬ್ರಸೆಲ್ಸಿನಲ್ಲಿ ಕೈಗೊಂಡ ತೀರ್ಮಾನದ ನಷ್ಟವನ್ನು ತುಂಬಿಕೊಳ್ಳುವ ದಾರಿ ಯಾವ ಹಳ್ಳಿಯ ಸಂಘಟನೆಗೂ ಇರಲಿಲ್ಲ. ಮಾರುಕಟ್ಟೆಯ ಮೇಲಿನ ಅಪನಂಬಿಕೆಗೆ ಮಾರಾಟಗಾರರ ಕಡೆಯಿಂದಲೂ ಕಾರಣಗಳಿದ್ದವೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಸುಧಾರಿತ ಒಲೆಯ ಯೋಜನೆಗಳನ್ನು ಪರಿಶೀಲಿಸಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮಾದರಿಯಾಗಿ ತೆಗೆದುಕೊಂಡ ಯೋಜನೆಗಳಿಗೆ ವಾಸ್ತವಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಪ್ರಮಾಣಪತ್ರ ದೊರೆತಿದೆ ಎಂದು ಲೆಕ್ಕ ಹಾಕಿತು. ಗೋಬರ್ ಗ್ಯಾಸ್ ಆ ಅಧ್ಯಯನದ ವಿಷಯವಲ್ಲ. ಆದರೂ ಇಂಥ ಉತ್ಪ್ರೇಕ್ಷೆಯಿಂದ ಹುಟ್ಟುವ ಅನುಮಾನ ಪ್ರಾಮಾಣಿಕವಾಗಿ ನಡೆದ ಯೋಜನೆಗಳನ್ನೂ ಬಿಡುವುದಿಲ್ಲ.

ಪಾವಗಡದ ಕಥೆ ಇದಕ್ಕೆ ತಿರುಗುಮುರುಗು. ತುಮಕೂರು ಜಿಲ್ಲೆಯ ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ; ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ವಿದ್ಯುತ್ ಖರೀದಿಯ ದೀರ್ಘಾವಧಿ ಒಪ್ಪಂದ ಕೈಯಲ್ಲಿರುವ ಕಂಪನಿಗೆ ಬ್ಯಾಂಕು ಮುಂಗಡವಾಗಿಯೇ ಸಾಲ ಕೊಡುತ್ತದೆ, ಏಕೆಂದರೆ ಮುಂದಿನ ಆದಾಯ ಕಾಗದದ ಮೇಲೆ ಖಚಿತವಾಗಿರುತ್ತದೆ. ಮಳೆ ಬಂದರೂ ಬಾರದಿದ್ದರೂ ಜಮೀನಿದ್ದವನಿಗೆ ಗುತ್ತಿಗೆ ಹಣ ಸಿಗುವುದರಿಂದ ಅದು ಒಂದು ಬಗೆಯ ಬರವಿಮೆಯೂ ಹೌದು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಲ್ಲೇ ಕುರಿ ಮೇಯಿಸುತ್ತಿದ್ದ ಭೂರಹಿತರು ಗುತ್ತಿಗೆ ಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಹಣ ಹೊಳೆಯಂತೆ ಹರಿದದ್ದು ಆದಾಯಕ್ಕೆ ಖಾತರಿ ಇದ್ದ ಕಡೆಗೆ. ಅಪಾಯಕ್ಕೆ ಹೆಚ್ಚು ಒಡ್ಡಿಕೊಂಡವರ ಕಡೆಗಲ್ಲ.

ಭಾರತ ಈಗ ಕಟ್ಟುತ್ತಿರುವ ದೇಶೀಯ ಮಾರುಕಟ್ಟೆ ಈ ಒಲವನ್ನು ಬದಲಿಸುವ ಲಕ್ಷಣ ಕಾಣುವುದಿಲ್ಲ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು, 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಲಾಯಿತು. ಇಂಧನ ದಕ್ಷತಾ ಬ್ಯೂರೋ ಇದರ ಆಡಳಿತ ನೋಡಿಕೊಂಡರೆ, ವಹಿವಾಟಿನ ನಿಯಂತ್ರಣ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ್ದು. ಕಾರ್ಖಾನೆ ಒಟ್ಟು ಎಷ್ಟು ಹೊರಸೂಸಬಹುದೆಂಬ ಮಿತಿ ಇಲ್ಲಿಲ್ಲ. ಒಂದು ಟನ್ ಉತ್ಪನ್ನಕ್ಕೆ ಎಷ್ಟು ಎಂಬ ತೀವ್ರತೆಯ ಗುರಿ ಮಾತ್ರ ಇದೆ. ಗುರಿಗಿಂತ ಚೆನ್ನಾಗಿ ಸಾಧಿಸಿದ ಕಾರ್ಖಾನೆಗೆ ಪ್ರಮಾಣಪತ್ರ, ಸಾಧಿಸದ ಕಾರ್ಖಾನೆಗೆ ಅದನ್ನು ಕೊಳ್ಳುವ ಬಾಧ್ಯತೆ. 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ ಮತ್ತು ಕಾಗದ ವಲಯಗಳ 282 ಘಟಕಗಳಿಗೆ ಮೊದಲ ಗುರಿಗಳು ನಿಗದಿಯಾದವು. 2026ರ ಜನವರಿಯಿಂದ ಯೂರೋಪಿಯನ್ ಒಕ್ಕೂಟ ಆಮದು ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನ ಮೇಲೆ ಗಡಿ ಕಾರ್ಬನ್ ಶುಲ್ಕದ ಹೊಣೆ ಹೊರಿಸುವುದರಿಂದ, ಕಲಬುರಗಿಯ ಸಿಮೆಂಟ್, ತೋರಣಗಲ್ಲಿನ ಉಕ್ಕಿನಂಥ ಉದ್ಯಮಗಳು ಇಂಗಾಲಕ್ಕೆ ಬೆಲೆಯಿರುವ ಕಾಲಕ್ಕೆ ಸಿದ್ಧವಾಗಲೇಬೇಕು; ಆ ಮಟ್ಟಿಗೆ ಯೋಜನೆ ಅಗತ್ಯವಾದುದೇ. ಆದರೆ ಅದರ ಹಣ ಒಂದು ಕಾರ್ಖಾನೆಯಿಂದ ಇನ್ನೊಂದು ಕಾರ್ಖಾನೆಗೆ ಸಾಗುತ್ತದೆ. ಕೆರೆಯ ಹೂಳೆತ್ತಿದ್ದಕ್ಕೋ, ರಾಗಿಯ ಬರನಿರೋಧಕ ತಳಿ ಬಿತ್ತಿದ್ದಕ್ಕೋ ಟನ್ನಿನ ಅಳತೆ ಇಲ್ಲವಾದ್ದರಿಂದ ಅವು ಮಾರುಕಟ್ಟೆಯ ಕಣ್ಣಿಗೆ ಬೀಳುವುದಿಲ್ಲ.

ಅಳತೆಗೆ ಸಿಗದ ಆ ಭಾಗವನ್ನು ಹೊರಬೇಕಾದದ್ದು ಸರ್ಕಾರದ ಖಜಾನೆ. 2023ರ ಮುಂಗಾರು ವಿಫಲವಾದಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ನಷ್ಟದ ಅಂದಾಜು 35,162 ಕೋಟಿ ರೂಪಾಯಿ. ಕೇಂದ್ರದಿಂದ ರಾಜ್ಯ ಕೇಳಿದ್ದು 18,171 ಕೋಟಿ. ಸೆಪ್ಟೆಂಬರಿನಲ್ಲಿ ಘೋಷಣೆ ಆರಂಭವಾಗಿ, 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೊರೆಹೋಗಿ, ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಿಡುಗಡೆಯಾಯಿತು. ಈ ನಡುವೆ ರಾಜ್ಯ ತನ್ನ ಕೈಯಿಂದ ರೈತರಿಗೆ ಮೊದಲ ಕಂತಾಗಿ ಕೊಟ್ಟದ್ದು ಗರಿಷ್ಠ 2,000 ರೂಪಾಯಿ. ದನ ಮಾರುವುದೋ ಉಳಿಸಿಕೊಳ್ಳುವುದೋ, ಬೆಂಗಳೂರಿಗೆ ಗುಳೆ ಹೋಗುವುದೋ ಊರಲ್ಲೇ ಇರುವುದೋ ಎಂಬುದು ಬರಗಾಲದಲ್ಲಿ ಕೆಲವೇ ವಾರಗಳಲ್ಲಿ ತೀರ್ಮಾನವಾಗಿಬಿಡುವ ಮಾತು. ಏಳು ತಿಂಗಳ ಮೇಲೆ ಬಂದ ಪರಿಹಾರ ಮಾರಿದ ದನವನ್ನು ಹಿಂದಕ್ಕೆ ತರುವುದಿಲ್ಲ.

ಮುಂಗಡವಾಗಿ ಹಣ ಎತ್ತುವ ದಾರಿ ಇಲ್ಲವೆಂದೇನೂ ಅಲ್ಲ. ಕೇಂದ್ರ ಸರ್ಕಾರ 2023ರ ಜನವರಿ ಮತ್ತು ಫೆಬ್ರವರಿಯಲ್ಲಿ ಎರಡು ಕಂತುಗಳಲ್ಲಿ 16,000 ಕೋಟಿ ರೂಪಾಯಿಯ ಹಸಿರು ಬಾಂಡುಗಳನ್ನು, ಎಂದರೆ ಪರಿಸರ ಕಾರ್ಯಗಳಿಗೇ ಮೀಸಲಾದ ಸಾಲಪತ್ರಗಳನ್ನು, ಮಾರಿತು. ಹಣ ಮೊದಲು, ತೀರುವಳಿ ಆಮೇಲೆ ಎಂಬ ಕ್ರಮ ಇಲ್ಲಿ ಸರಿಯಾಗಿದೆ, ಅದರ ಚೌಕಟ್ಟಿನಲ್ಲಿ ಹೊಂದಾಣಿಕೆಗೂ ಸ್ಥಾನವಿದೆ. ಹಂಚಿಕೆಯ ಮಟ್ಟದಲ್ಲಿ ಕರ್ನಾಟಕಕ್ಕೆ ಇನ್ನೊಂದು ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನೆಟ್ಟಿದೆ. ಅಡಿಕೆ, ಮೆಣಸಿನಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಗೆ ಅವುಗಳ ಅಂಕಿಅಂಶ ಈಗಾಗಲೇ ಬಳಕೆಯಲ್ಲಿದೆ. ಮಾಪಕ ಕೆಟ್ಟು ನಿಂತರೆ ರೈತನಿಗೆ ಅನ್ಯಾಯವಾಗುತ್ತದೆಂಬ ದೂರು ನಿಜವಾದುದೇ, ಅದಕ್ಕೆ ಮದ್ದು ದುರಸ್ತಿ. ಬಿತ್ತನೆಯ ನಂತರ ನಿರ್ದಿಷ್ಟ ದಿನಗಳವರೆಗೆ ಮಳೆ ನಿಗದಿತ ಮಟ್ಟ ಮುಟ್ಟದಿದ್ದರೆ, ಬೆಳೆನಷ್ಟದ ಸಮೀಕ್ಷೆಗೆ ಕಾಯದೆ, ಆ ಪಂಚಾಯಿತಿಯ ಜಾನುವಾರು ಸಾಕುವವರಿಗೂ ಕೂಲಿಕಾರರಿಗೂ ಮೇವಿನ ಮತ್ತು ಜೀವನದ ಖರ್ಚನ್ನು ನೇರವಾಗಿ ಖಾತೆಗೆ ಹಾಕಲು ಬೇಕಾದ ಉಪಕರಣವೂ ದತ್ತಾಂಶವೂ ರಾಜ್ಯದ ಕೈಯಲ್ಲಿವೆ. ಅಂಥ ನಿಧಿಯನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಮೀಸಲಿಡಲು ಬಾಕುವಿನ ಒಪ್ಪಂದವೂ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ.