ಅಟ್ಟಕ್ಕೆ ಮೆಟ್ಟಿಲು ಬಂದ ಬಗೆ

ಕೆಲಸವಿಲ್ಲದೆ ಮಲಗಿದವನನ್ನು ‘ಜಂತೆ ಎಣಿಸುತ್ತಿದ್ದಾನೆ’ ಎಂದು ಹಂಗಿಸುವುದುಂಟು. ಬಾಲ್ಯದಲ್ಲಿ ನಾನು ನಿಜವಾಗಿಯೇ ಜಂತೆ ಎಣಿಸಿದವನು. ತುರುವೇಕೆರೆ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಪಡಸಾಲೆಯಲ್ಲಿ ಒಟ್ಟು 11 ಜಂತೆಗಳು. ಅವುಗಳಲ್ಲಿ ಎರಡು ಮಾತ್ರ ಒಂದು ಗೋಡೆಯಿಂದ ಹೊರಟು, ಎದುರು ಗೋಡೆಯನ್ನು ಮುಟ್ಟದೆ ನಡುವೆಯೇ ನಿಂತು, ಒಂದು ಅಡ್ಡತೊಲೆಯ ಮೇಲೆ ತಲೆಯಿಟ್ಟಿದ್ದವು. ಆ ತುಂಡು ಜಂತೆಗಳ ಹಿಂದೆ ನಮ್ಮ ಸೀಮೆಯ ಮನೆಗಳ ಚರಿತ್ರೆಯೇ ಒಂದಿಷ್ಟು ಅಡಗಿದೆಯೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಅಟ್ಟವೆಂದರೆ ಮುರುಕು ಸಾಮಾನು ತುಂಬುವ ಮೂಲೆಯಲ್ಲ. ಮನೆಯ ವರ್ಷದ ಆದಾಯ ಅಲ್ಲಿ ಮಾಗುತ್ತದೆ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ನಿಧಾನವಾಗಿ ಹಿಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಇಡಿಯ ಉಂಡೆ ಕೊಬ್ಬರಿಯಾಗುತ್ತದೆ. ಕೆಳಗೆ ಅಡುಗೆಯ ಒಲೆಯೋ ದನದ ಕೊಟ್ಟಿಗೆಯೋ ಇದ್ದರೆ ಅದರ ಬಿಸುಪೂ ಹೊಗೆಯೂ ಈ ಕೆಲಸಕ್ಕೆ ಒದಗುತ್ತವೆ. ಹಸಿಯ ಕಾಯಿಯೊಂದು ಸಿಪ್ಪೆಸಹಿತ ಒಂದು ಕಿಲೋಗ್ರಾಂ ಮೀರಿ ತೂಗುವುದು ಸಾಮಾನ್ಯ. ಐದು ಸಾವಿರ ಕಾಯಿ ಏರಿಸಿದ ಮನೆಯವರು ತಮ್ಮ ತಲೆಯ ಮೇಲೆ ಐದು ಟನ್ನಿಗೂ ಮಿಕ್ಕ ಭಾರವನ್ನಿಟ್ಟುಕೊಂಡು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದರು. ಆ ನಿಶ್ಚಿಂತೆಗೆ ಜಂತೆಗಳೇ ಆಧಾರ.

ಈ ಬೆಳೆ ಇಂದು ನಿನ್ನೆಯದಲ್ಲ. 1800ರಲ್ಲಿ ಚಿಕ್ಕನಾಯಕನಹಳ್ಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ತೆಂಗಿನ ತೋಟಗಳನ್ನು ಗಮನಿಸಿ ಬರೆದ. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1880ರ ದಶಕದಲ್ಲಿ ತಿಪಟೂರಿಗೆ ರೈಲು ಬಂದ ಮೇಲೆ ಕೊಬ್ಬರಿಗೆ ಉತ್ತರ ಹಿಂದೂಸ್ತಾನದ ಪೇಟೆಗಳು ಹತ್ತಿರವಾದವು. ಆದರೂ ಅಟ್ಟಕ್ಕೆ ಹತ್ತಲು ಏಣಿಯೇ ಸಾಕಾಗಿತ್ತು. ಎರಡು ಜಂತೆಗಳ ನಡುವಿನ ಒಂದೂವರೆ ಅಡಿಯ ಕಿಂಡಿಯಲ್ಲಿ ಒಬ್ಬ ಆಳು ತೂರಬಹುದು, ಕಾಯಿಯನ್ನು ಕೈಯಿಂದ ಕೈಗೆ ದಾಟಿಸಬಹುದು. ಮರವನ್ನು ಕೊಯ್ಯುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮೆಟ್ಟಿಲಿನ ಮಾತು ಬೇರೆ. ಅದು ಏಣಿಯಂತೆ ನೆಟ್ಟಗೆ ನಿಲ್ಲದು, ಉದ್ದಕ್ಕೆ ಚಾಚಿಕೊಳ್ಳುತ್ತದೆ. ಒಂಬತ್ತು ಅಡಿ ಎತ್ತರದ ಅಟ್ಟಕ್ಕೆ ಮುಕ್ಕಾಲಡಿಯ ಹನ್ನೆರಡು ಮೆಟ್ಟಿಲು ಬೇಕು. ಹತ್ತುವವನ ತಲೆ ತಾಗದಿರಬೇಕಾದರೆ ಮೇಲೆ ಸುಮಾರು ಏಳು ಅಡಿ ಉದ್ದದ ಬಾಯಿ ತೆರೆಯಬೇಕು. ಮೆಟ್ಟಿಲು ಜಂತೆಯ ದಿಕ್ಕಿನಲ್ಲೇ ಸಾಗಿದರೆ ಒಂದೆರಡು ಜಂತೆ ತುಂಡಾಗುತ್ತವೆ. ಅಡ್ಡಲಾಗಿ ಸಾಗಿದರೆ ನಾಲ್ಕೈದು. ಬಲ್ಲ ಬಡಗಿ ಮೊದಲು ದಿಕ್ಕನ್ನು ನೋಡುತ್ತಿದ್ದುದು ಇದಕ್ಕಾಗಿ. ವಾಸ್ತುವಿನ ಹೆಸರಿನಲ್ಲಿ ಈ ದಿಕ್ಕನ್ನು ಬದಲಿಸಿ ಪೇಚಾಡಿದವರನ್ನೂ ಕಂಡಿದ್ದೇನೆ. ಆ ಮಾತು ಇಲ್ಲಿಗೆ ಸಾಕು.

ಕೊಯ್ದ ಜಂತೆಯ ಭಾರ ಎಲ್ಲಿಗೆ ಹೋಗಬೇಕು? ಅದರ ತುದಿಗೆ ಅಡ್ಡತೊಲೆಯನ್ನು ಕೊಟ್ಟು, ಆ ತೊಲೆಯ ಎರಡು ತುದಿಗಳನ್ನು ಇಕ್ಕೆಲದ ಇಡೀ ಜಂತೆಗಳಿಗೆ ಕೂಡಿಸಬೇಕು. ಆಗ ಆ ಎರಡು ಜಂತೆಗಳು ತಮ್ಮ ಪಾಲಿನ ಜೊತೆಗೆ ನೆರೆಯವರ ಪಾಲನ್ನೂ ಹೊರುತ್ತವೆ. ಆದಕಾರಣ ಅವುಗಳ ಮಗ್ಗುಲಿಗೆ ಇನ್ನೊಂದೊಂದು ಜಂತೆಯನ್ನು ಜೋಡಿಸಬೇಕು, ಇಲ್ಲವೆ ಮೂಲೆಯಲ್ಲಿ ಕಂಬ ನಿಲ್ಲಿಸಬೇಕು. ಹಳೆಯ ಮನೆಗಳಲ್ಲಿ ಮೆಟ್ಟಿಲ ಪಕ್ಕದಲ್ಲಿ ದಾರಿಗಡ್ಡವಾಗಿ ನಿಂತ ಕಂಬ ಅಂದಕ್ಕಾಗಿ ನಿಂತದ್ದಲ್ಲ. 1678ರಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ ಕಂತುಕಂತಾಗಿ ಪ್ರಕಟಿಸತೊಡಗಿದ ಕೈಕಸುಬುಗಳ ಪುಸ್ತಕದಲ್ಲಿಯೂ ಈ ಅಡ್ಡತೊಲೆಯ ಪ್ರಸ್ತಾಪವಿದೆ. ಮೆಟ್ಟಿಲಿಗಾಗಿ ಬಿಟ್ಟ ತೆರಪನ್ನು ಅಲ್ಲಿನವರು ಬಾವಿಯ ಹೆಸರಿನಿಂದ ಕರೆಯುತ್ತಿದ್ದರು. ನಮ್ಮ ಬಡಗಿಗಳು ಅದನ್ನು ಓದಬೇಕಾಗಿರಲಿಲ್ಲ. ತೊಟ್ಟಿಮನೆಯ ತೊಟ್ಟಿಯೇ ಅಂಥದೊಂದು ಬಾವಿ: ಸುತ್ತಲಿನ ಮಾಡು ಅಲ್ಲಿಗೆ ಬಂದು ನಿಲ್ಲುತ್ತದೆ, ತೊಲೆ ಅದನ್ನು ಹಿಡಿಯುತ್ತದೆ, ಕಂಬ ತೊಲೆಯನ್ನು ಹೊರುತ್ತದೆ.

ನಮ್ಮ ಮನೆಗೆ ಮೆಟ್ಟಿಲು ಬೇಕಾದದ್ದು ಅಜ್ಜಿಯಿಂದಾಗಿ. ಕಾಯಿ ಕೊಬ್ಬರಿಯಾಯಿತೇ ಎಂದು ಅಲುಗಿಸಿ, ಕಿವಿಗೊಟ್ಟು ಹೇಳಬಲ್ಲವರು ಅವರೊಬ್ಬರೇ. ಮಂಡಿನೋವಿನಿಂದ ಏಣಿ ಹತ್ತಲಾರದೆ ಹೋದರು. ದೊಡ್ಡಪ್ಪ ಆತುರದ ಮನುಷ್ಯ. ಪೇಟೆಯಿಂದ ಒಬ್ಬ ಕೆಲಸಗಾರನನ್ನು ಕರೆತಂದರು. ಅಟ್ಟದ ತುಂಬ ಮೂರು ತಿಂಗಳ ಕಾಯಿ. ಆತ ಕೆಳಗೆ ಒಂದು ಆಸರೆಯನ್ನೂ ಕೊಡದೆ ಗರಗಸ ಹಾಕಿದ. ಜಂತೆ ಮುಕ್ಕಾಲು ಕೊಯ್ದಿತ್ತೋ ಇಲ್ಲವೋ, ಸಿಡಿಲಿನಂಥ ಶಬ್ದವಾಗಿ ಅಟ್ಟ ನಾಲ್ಕು ಬೆರಳು ಕುಸಿಯಿತು. ಕಾಯಿಗಳೆಲ್ಲ ತಗ್ಗಿನತ್ತ ಉರುಳಿದವು. ಕೆಳಗೆ ತೊಟ್ಟಿಲಲ್ಲಿ ನನ್ನ ತಂಗಿಯಿದ್ದಳು. ಅಮ್ಮ ಅವಳನ್ನು ಎತ್ತಿಕೊಂಡು ಹೊರಗೋಡಿದ್ದು ಮಾತ್ರ ನನಗೆ ನೆನಪಿದೆ.

ಅಂದೇ ಸಂಜೆ ಊರಿನ ವೃದ್ಧ ಆಚಾರ್ಯರು ಬಂದರು. ಕುಸಿದ ಕಡೆ ಉದ್ದಕ್ಕೂ ಒಂದು ಮರವನ್ನಿಟ್ಟು, ಅದರ ಕೆಳಗೆ ಮೂರು ಕಂಬ ನಿಲ್ಲಿಸಿ, ಬುಡಕ್ಕೆ ಹಲಗೆ ಹಾಸಿ, ಬೆಣೆಯನ್ನು ಎರಡೂ ಕಡೆಯಿಂದ ಮೆಲ್ಲಮೆಲ್ಲನೆ ತಟ್ಟಿದರು. “ಇನ್ನು ಕಾಯಿ ಇಳಿಯೋವರೆಗೂ ಉಳಿ ಮುಟ್ಟೋದಿಲ್ಲ, ತಾಯಿ” ಎಂದರು. ದೊಡ್ಡಪ್ಪ ಆಗಲೇ ಇಳಿಸಿಬಿಡೋಣವೆಂದರು. ಅಜ್ಜಿ ಒಪ್ಪಲಿಲ್ಲ: “ಹಸಿಕಾಯಿ ಮಾರಿದರೆ ಸಾಲಕ್ಕೇನು ಕೊಡ್ತೀಯಪ್ಪ? ಆಚಾರ್ರು ಕಂಬ ಕೊಟ್ಟಿದಾರೆ, ಇರಲಿ.” ಎಂಟು ತಿಂಗಳು ಆ ಮೂರು ಕಂಬಗಳು ಪಡಸಾಲೆಯ ನಡುವೆ ನಿಂತವು. ನೆಂಟರು ಅವುಗಳನ್ನು ಬಳಸಿಕೊಂಡು ಊಟಕ್ಕೆ ಕುಳಿತರು. ಅಮ್ಮ ತೊಟ್ಟಿಲನ್ನು ಮಾತ್ರ ಮತ್ತೆ ಅಲ್ಲಿ ಕಟ್ಟಲಿಲ್ಲ.

ಕೊಬ್ಬರಿ ತಿಪಟೂರಿನ ಮಂಡಿಗೆ ಹೋದ ಮೇಲೆ ಆಚಾರ್ಯರು ಕೆಲಸ ಹಿಡಿದರು. ಮೊದಲು ಇಕ್ಕೆಲದ ಜಂತೆಗಳಿಗೆ ಜೋಡಿ, ಮಣ್ಣಿನ ಗೋಡೆಯ ಮೇಲೆ ಅವುಗಳ ತುದಿ ಕೂರುವಲ್ಲಿ ಕಲ್ಲಿನ ಚಪ್ಪಡಿ, ಆಮೇಲೆ ಗರಗಸ. ಜಂತೆಗಳು ತೆಂಗಿನ ಮರದವು. ಕೊಯ್ದ ಮುಖವನ್ನು ನಮಗೆ ಮುಟ್ಟಿಸಿ ತೋರಿಸಿದರು: ಹೊರಗಿನ ಅಂಚು ಉಳಿಗೂ ಬಗ್ಗದಷ್ಟು ಗಟ್ಟಿ, ನಡುವಿನ ತಿರುಳು ಉಗುರಿಗೆ ಸಿಗುವಷ್ಟು ಮೆದು. ತೆಂಗಿಗೆ ಬೇರೆ ಮರಗಳಂತೆ ನಡುವೆ ಚೇಗಿಲ್ಲ, ಬಲವೆಲ್ಲ ಅಂಚಿನಲ್ಲಿ. ಇಂಥ ಮರದಲ್ಲಿ ಕುಳಿ ತೋಡಿ ತೊಲೆಯನ್ನು ಸಿಕ್ಕಿಸಿದರೆ ಹಿಡಿತ ನಿಲ್ಲದು. ಆದ್ದರಿಂದ ಹೊನ್ನೆಯ ಅಡ್ಡತೊಲೆಯನ್ನು ತಂದು, ತುಂಡು ಜಂತೆಗಳನ್ನು ಅದರ ಮೇಲೆಯೇ ಕೂರಿಸಿ, ಕಬ್ಬಿಣದ ಪಟ್ಟಿ ಬಿಗಿದರು. ಬೆಣೆಗಳನ್ನು ಒಂದೇ ದಿನ ತೆಗೆಯಲಿಲ್ಲ. ದಿನಕ್ಕೊಂದು ಕಂಬದಂತೆ ಸಡಿಲಿಸಿ, ಮರ ಎಷ್ಟು ಇಳಿಯಿತೆಂದು ನೂಲು ಕಟ್ಟಿ ನೋಡಿದರು.

ನಾಲ್ಕನೆಯ ದಿನ ಅಜ್ಜಿ ಮೆಟ್ಟಿಲು ಹತ್ತಿದರು. ಅಟ್ಟ ಬರಿದಾಗಿತ್ತು, ಅಲುಗಿಸಿ ನೋಡಲು ಒಂದು ಕಾಯಿಯೂ ಇರಲಿಲ್ಲ. ಆದರೂ ಬಹಳ ಹೊತ್ತು ಮೇಲೆಯೇ ಕುಳಿತಿದ್ದರು.